ಒಂದೇ ಕೈಯ ಟೊಪ್ಪಿ

ಡೊಂಬಿವಲಿಯಲ್ಲಿ ಚಳಿಗಾಲ ಎಂಬುದೊಂದು ಇದೆ ಎಂದು ಮನಸಾರೆ ನಂಬಿದ್ದವರು ನಮ್ಮ ಕಟ್ಟಡದಲ್ಲಿ ಇಬ್ಬರೇ. ಒಬ್ಬಳು ನನ್ನ ಅಮ್ಮ ವಾರಿಜ, ಇನ್ನೊಬ್ಬರು ಎದುರು ಬಾಗಿಲಿನ ಕಸ್ತೂರಕ್ಕ. ಡಿಸೆಂಬರಿನ ಯಾವುದೋ ಬೆಳಿಗ್ಗೆ ನಲ್ಲಿ ನೀರು ಸ್ವಲ್ಪ ತಣ್ಣಗೆ ಬಂದರೆ ಸಾಕು, ಇಬ್ಬರೂ ಪ್ಯಾಸೇಜಿನಲ್ಲಿ ನಿಂತು, ಈ ಸಲ ಬಹಳ ಚಳಿ ಮಾರಾಯ್ತಿ, ಹೌದ್ನೋಡು ತಂಗಿ, ಎಂದು ಸೆರಗು ಹೊದ್ದುಕೊಳ್ಳುತ್ತಿದ್ದರು. ಉಳಿದವರೆಲ್ಲ ಫ್ಯಾನ್ ಹಾಕಿಕೊಂಡೇ ಮಲಗುತ್ತಿದ್ದರು. ಆದರೆ ಆ ಉಳಿದವರ ಮನೆಯಲ್ಲಿ ಒಂದು ಕೂಸು ಹುಟ್ಟಿತೆಂದರೆ ಅವರಿಗೂ ಚಳಿಯ ಮೇಲೆ ನಂಬಿಕೆ ಬಂದುಬಿಡುತ್ತಿತ್ತು. ಮೇ ತಿಂಗಳ ಸೆಕೆಯಲ್ಲಿ ಹುಟ್ಟಿದ ಕೂಸಿಗೂ ತಲೆಗೆ ಉಲ್ಲನ್ ಟೊಪ್ಪಿ ಬೇಕು, ಕಿವಿ ಮುಚ್ಚಬೇಕು, ನೆತ್ತಿಗೆ ಗಾಳಿ ಹೊಗಬಾರದು. ಆ ಟೊಪ್ಪಿಗಾಗಿ ಎಲ್ಲರೂ ಬರುತ್ತಿದ್ದದ್ದು ನಮ್ಮ ಎರಡು ಬಾಗಿಲುಗಳಿಗೆ. ಅಮ್ಮ ಅದನ್ನು ಟೊಪ್ಪಿ ಎನ್ನುತ್ತಿದ್ದಳು, ಕಸ್ತೂರಕ್ಕ ಕುಲಾಯಿ ಎನ್ನುತ್ತಿದ್ದರು, ಕೆಳಗಿನ ಮಹಡಿಯ ಮರಾಠಿಯವರು ಟೋಪ್ರಾ ಎನ್ನುತ್ತಿದ್ದರು. ಅಪ್ಪ ಮಾತ್ರ, ನನ್ನ ಹೆಂಡತಿ ಊರಿಗೆಲ್ಲ ಟೊಪ್ಪಿ ಹಾಕುತ್ತಾಳೆ, ಎಂದು ಹೇಳಿ ತಾನೇ ನಗುತ್ತಿದ್ದ. ಕಸ್ತೂರಕ್ಕನ ಕೈಯ ಟೊಪ್ಪಿ ಹಾಕಿದ ಮಕ್ಕಳು ಚೆನ್ನಾಗಿ ಬೆಳೆಯುತ್ತವೆ ಎಂಬ ಮಾತು ಆಗ ನಮ್ಮ ಗಲ್ಲಿಯಲ್ಲಿತ್ತು. ಆ ಒಳ್ಳೆಯ ಹೆಸರು ಹೋದದ್ದು ನಮ್ಮ ಮನೆಯಿಂದ. ನನ್ನ ಬಾಲ್ಯದ ಆ ಮನೆಯನ್ನು ನೆನೆದಾಗ ಸಂತೋಷದ ಸಂಗತಿಗಳು ಬೇಕಾದಷ್ಟು ಬರುತ್ತವೆ, ಆದರೆ ಎಲ್ಲದರ ಹಿಂದೆ ಇದೊಂದು ಬಂದು ನಿಲ್ಲುತ್ತದೆ.

ನಮ್ಮದು ಎರಡನೆಯ ಮಹಡಿಯ ಒಂದು ರೂಮ್-ಕಿಚನ್. ಮುಂದಿನ ಕೋಣೆಯಲ್ಲಿ ಒಂದು ದಿವಾನ, ಅದರ ಹೊಟ್ಟೆಯೊಳಗೆ ಹಾಸಿಗೆ, ಕೊಡೆ, ಉಲ್ಲನ್ನಿನ ಚೀಲ, ಊರಿನಿಂದ ಬಂದ ಹಪ್ಪಳದ ಡಬ್ಬ, ಎಲ್ಲವೂ. ಆ ಕೋಣೆಯೇ ಹಗಲು ಹಾಲ್, ರಾತ್ರಿ ಬೆಡ್‌ರೂಮ್, ಭಾನುವಾರ ನನ್ನ ಟ್ಯೂಷನ್ ಕ್ಲಾಸ್. ಅಪ್ಪ ವಾಶಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮ್ಯಾನೇಜರ್ ಎಂಬ ಹೆಸರು ಕೇಳಿ ಯಾರೂ ಮೋಸ ಹೋಗಬಾರದು. ವೇಟರ್ ಬಾರದ ದಿನ ತಟ್ಟೆ ಎತ್ತುವುದೂ, ಮಾರ್ಕೆಟ್ಟಿನ ಹಮಾಲರು ಬೆಳಿಗ್ಗೆ ಉಪ್ಪಿಟ್ಟಿಗೆ ಮುಗಿಬಿದ್ದಾಗ ಚಟ್ನಿ ಬಡಿಸುವುದೂ ಅವನದ್ದೇ ಕೆಲಸ. ಅವನು ಮನೆಯಲ್ಲಿ ಎಚ್ಚರವಾಗಿ ಸಿಗುತ್ತಿದ್ದದ್ದು ವಾರದ ರಜೆಯ ಮಂಗಳವಾರ ಮಾತ್ರ. ಉಳಿದ ದಿನಗಳಲ್ಲಿ ಮನೆ ಅಂದರೆ ಅಮ್ಮ, ನಾನು ಮತ್ತು ಪ್ಯಾಸೇಜಿನ ಆಚೆ ಕಸ್ತೂರಕ್ಕ. ಅವರು ಗದಗದ ಕಡೆಯವರು. ಗಂಡ ರೈಲ್ವೆಯಲ್ಲಿ, ನಾಲ್ವರು ಮಕ್ಕಳು, ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು. ನಾವು ಮನೆಯಲ್ಲಿ ತುಳು ಆಡುತ್ತಿದ್ದೆವು. ಅವರ ಜೊತೆ ಅಮ್ಮನದು ಪುಸ್ತಕದಂಥ ಕನ್ನಡ, ಅವರದು ಗಟ್ಟಿ ರೊಟ್ಟಿಯಂಥ ಕನ್ನಡ. ಮೊದಲ ವರ್ಷ ಅರ್ಧ ಮಾತು ಅರ್ಥವಾಗದೆ ಇಬ್ಬರೂ ಹಿಂದಿಯಲ್ಲಿ ಮಾತಾಡಿದ್ದರಂತೆ. ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೆ ಆದದ್ದರಿಂದ ಮತ್ತೆ ಕನ್ನಡಕ್ಕೇ ಬಂದರು.

ಇಬ್ಬರಿಗೂ ಹೆಣಿಗೆ ಬರುತ್ತಿತ್ತು, ಆದರೆ ಕೈ ಬೇರೆ ಬೇರೆ. ಅಮ್ಮನದು ಬಿಗಿ ಕೈ. ಅವಳು ಹೆಣೆದ ಟೊಪ್ಪಿಯನ್ನು ನೆಲದ ಮೇಲಿಟ್ಟರೆ ಬಟ್ಟಲು ಬೋರಲು ಹಾಕಿದಂತೆ ನಿಲ್ಲುತ್ತಿತ್ತು. ಕೂಸಿನ ಹಣೆಯಲ್ಲಿ ಗೆರೆ ಬೀಳಿಸುತ್ತಿತ್ತು ಕೂಡ. ಕಸ್ತೂರಕ್ಕನದು ಸಡಿಲ ಕೈ. ಅವರ ಟೊಪ್ಪಿ ಮೆತ್ತಗೆ, ಎಳೆದಷ್ಟು ಬರುತ್ತಿತ್ತು, ಆದರೆ ಕೂಸು ಎರಡು ಸಲ ತಲೆ ಅಲ್ಲಾಡಿಸಿದರೆ ಜಾರಿ ಮೂಗಿನ ಮೇಲೆ ಬರುತ್ತಿತ್ತು. ಬಹಳ ದಿನ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೆಸರಿಟ್ಟು ಕೊನೆಗೆ ಒಂದು ಉಪಾಯ ಹೂಡಿದರು. ಟೊಪ್ಪಿಯ ಅಂಚು ಅಮ್ಮನದು, ನೆತ್ತಿ ಕಸ್ತೂರಕ್ಕನದು. ಅಂಚಿಗೆ ಬಿಗಿ ಬೇಕು, ನೆತ್ತಿಗೆ ಸಡಿಲ ಬೇಕು. ಅಮ್ಮ ಒಂದು ಕುಣಿಕೆ ಸುಲಟ, ಒಂದು ಕುಣಿಕೆ ಉಲಟ ಹಾಕುತ್ತ ನಾಲ್ಕು ಬೆರಳಿನಷ್ಟು ಅಂಚು ಮುಗಿಸುತ್ತಿದ್ದಳು. ನಾನು ಶಾಲೆಯಿಂದ ಬಂದು ಚಹಾ ಕುಡಿದು, ಕಡ್ಡಿಗಳಿಂದ ಕುಣಿಕೆ ಜಾರದಂತೆ ಎರಡೂ ಕೈಯಲ್ಲಿ ಹಿಡಿದು ಅದನ್ನು ಆಚೆ ಮನೆಗೆ ಒಯ್ಯುತ್ತಿದ್ದೆ. ಹಾಗೆ ನಮ್ಮ ಗಲ್ಲಿಯ ಪ್ರತಿ ಕೂಸಿನ ತಲೆಯ ಮೇಲೂ ಇಬ್ಬರ ಕೈ ಇರುತ್ತಿತ್ತು. ಎಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಹಿಡಿದರು ಎಂಬುದು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತಿತ್ತು. ನಾನು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಿದ್ದೆ. ಜಂಬ ಕೊಚ್ಚಿಕೊಳ್ಳಲು ನನ್ನ ಹತ್ತಿರ ಇದ್ದ ವಿದ್ಯೆ ಅದೊಂದೇ.

ಚಳಿ ಹೋದರೆ ಕಡ್ಡಿ ಮೂಲೆಗೆ ಹೋಗುತ್ತಿರಲಿಲ್ಲ. ಸಂಕ್ರಾಂತಿಗೆ ಮರಾಠಿ ಮನೆಗಳಲ್ಲಿ ವರ್ಷ ತುಂಬದ ಮಕ್ಕಳಿಗೆ ಕಪ್ಪು ಬಟ್ಟೆ ತೊಡಿಸಿ, ಸಕ್ಕರೆಯ ಒಡವೆ ಹಾಕಿ, ತಲೆಯ ಮೇಲಿಂದ ಬೋರೆಹಣ್ಣು ಮಂಡಕ್ಕಿ ಸುರಿಯುತ್ತಾರೆ. ಅದಕ್ಕೆ ಕಪ್ಪು ಟೊಪ್ಪಿ, ಅದರ ತುಂಬ ಎಳ್ಳಿನಷ್ಟು ಬಿಳಿ ಚುಕ್ಕಿ. ಬೇಸಿಗೆಗೆ ಉಲ್ಲನ್ ಒಳಗೆ, ಹತ್ತಿ ದಾರ ಹೊರಗೆ. ಕ್ರೋಶಾದಲ್ಲಿ ಬಾಗಿಲ ತೋರಣ, ಟೀವಿಯ ಮೇಲಿನ ಹೊದಿಕೆ, ಫ್ರಿಜ್ಜಿನ ಹಿಡಿಗೆ ಒಂದು ಅಂಗಿ. ಫ್ರಿಜ್ಜಿನ ಹಿಡಿಗೆ ಅಂಗಿ ಏಕೆ ಬೇಕೆಂದು ಇವತ್ತಿಗೂ ನನಗೆ ತಿಳಿದಿಲ್ಲ, ಆದರೆ ಆಗ ಅದು ಇಲ್ಲದ ಮನೆ ಬಡವರ ಮನೆ. ಮಳೆಗಾಲದಲ್ಲಿ ಉಲ್ಲನ್ನಿಗೆ ಮುಗ್ಗುಲು ವಾಸನೆ. ಅದಕ್ಕೆ ದಿವಾನದೊಳಗೆ ಬೇವಿನ ಎಲೆ ಹಾಕಿ, ಮೊಬೈಲಿಗೆ ಕೊರಳಲ್ಲಿ ನೇತು ಹಾಕುವ ಚೀಲ ಹೆಣೆಯುತ್ತಿದ್ದರು. ಮೊಬೈಲು ಆಗಷ್ಟೇ ಮನೆ ಮನೆಗೆ ಬರುತ್ತಿತ್ತು, ಜನ ಅದನ್ನು ಕೂಸಿನಂತೆಯೇ ನೋಡಿಕೊಳ್ಳುತ್ತಿದ್ದರು. ನವರಾತ್ರಿ ಬಂದರೆ ಒಂಬತ್ತು ಬಣ್ಣ. ಲೋಕಲ್ ಗಾಡಿಯ ಲೇಡೀಸ್ ಡಬ್ಬದ ಹೆಂಗಸರು ಒಂದೊಂದು ದಿನ ಒಂದೊಂದು ಬಣ್ಣದ ಸೀರೆಯುಟ್ಟು ಆಫೀಸಿಗೆ ಹೋಗುವ ಹುಚ್ಚು ಆಗ ಹೊಸತು, ಆ ಬಣ್ಣದ್ದೇ ಹೂವಿನ ಕ್ಲಿಪ್ಪು ಜಡೆಗೂ ಬೇಕು. ಒಂದು ವರ್ಷ ಇವರಿಬ್ಬರೂ ಬುದ್ಧಿವಂತರಾಗಲು ಹೋಗಿ, ಹಿಂದಿನ ವರ್ಷದ ಬಣ್ಣಗಳನ್ನೇ ನಂಬಿ ಶ್ರಾವಣದಲ್ಲಿಯೇ ಎಲ್ಲ ಹೂವು ಹೆಣೆದಿಟ್ಟರು. ಹಬ್ಬದ ಹತ್ತಿರ ಪೇಪರಿನಲ್ಲಿ ನೋಡಿದರೆ ಬೂದು ಬಣ್ಣ ಬೇಕೆಂದು ಇತ್ತು. ಇವರ ಹತ್ತಿರ ಬೂದು ಬಣ್ಣದ ಒಂದು ಎಳೆಯೂ ಇಲ್ಲ, ಸ್ಟೇಷನ್ ಹತ್ತಿರದ ಅಂಗಡಿಗಳಲ್ಲಿಯೂ ಮುಗಿದು ಹೋಗಿದೆ. ಅಪ್ಪನ ಮದುವೆಯ ಕಾಲದ ಬೂದು ಸ್ವೆಟರ್ ದಿವಾನದೊಳಗಿತ್ತು. ಅವನು ಡ್ಯೂಟಿಗೆ ಹೋದ ಹೊತ್ತಿನಲ್ಲಿ ಇಬ್ಬರೂ ಸೇರಿ ಅದನ್ನು ಬಿಚ್ಚಿದರು. ಕಸ್ತೂರಕ್ಕ ಎಳೆ ಎಳೆದರು, ಅಮ್ಮ ಉಂಡೆ ಸುತ್ತಿದಳು, ಮಧ್ಯೆ ನಾನು ತೋಳು ಹಿಡಿದು ನಿಂತೆ. ಮಂಗಳವಾರ ವಿಷಯ ತಿಳಿದ ಅಪ್ಪ ಸ್ವಲ್ಪ ಹೊತ್ತು ಮುಖ ಊದಿಸಿ ಕೂತ. ಆಮೇಲೆ ಹೇಳಿದ:

"ನಾನು ಹಾಕಿದರೆ ಒಂದು ಸ್ವೆಟರ್. ಈಗ ನೋಡು, ಡೊಂಬಿವಲಿಯಿಂದ ವಿಟಿ ಸ್ಟೇಷನ್ನಿನವರೆಗೆ ಎಲ್ಲರ ಜಡೆಯಲ್ಲಿ ನಾನೇ."

ಕಸ್ತೂರಕ್ಕ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆ ನಗುವಿಗೆ ಕೆಳಗಿನ ಮಹಡಿಯವರು ಹತ್ತಿ ಬಂದು ಏನಾಯಿತೆಂದು ಕೇಳಿದ್ದರು. ನಮ್ಮ ಮನೆಯಲ್ಲಿ ಹಾಗೆ ನಗು ಬಂದ ಕೊನೆಯ ವರ್ಷ ಅದು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ವರ್ಷ ಅಮ್ಮ ಬಸುರಿಯಾದಳು. ನನ್ನ ನಂತರ ಬಹಳ ವರ್ಷ ಕಾದು, ಹರಕೆ ಹೊತ್ತು, ಡಾಕ್ಟರ ಮನೆ ಅಲೆದು ನಿಂತ ಗರ್ಭ ಅದು. ನಮ್ಮ ಕಡೆ ಒಂದು ಕಟ್ಟುಪಾಡು ಉಂಟು. ಹುಟ್ಟುವ ಮೊದಲು ಕೂಸಿಗೆಂದು ಹೊಸತು ಏನೂ ಮಾಡಿಡಬಾರದು. ತೊಟ್ಟಿಲು ತರಬಾರದು, ಅಂಗಿ ಹೊಲಿಯಬಾರದು, ಹೆಸರು ಕೂಡ ಯೋಚಿಸಬಾರದು. ಹುಟ್ಟಿದ ಮೇಲೂ ಮೊದಲು ಸುತ್ತುವುದು ಅಜ್ಜಿಯ ಹಳೆಯ ಸೀರೆಯ ತುಂಡನ್ನೇ. ಅಮ್ಮ ಊರ ಕೂಸುಗಳಿಗೆಲ್ಲ ಹೆಣೆಯುವಾಗಲೂ, ಹುಟ್ಟಿದ ಸುದ್ದಿ ಬಂದ ಮೇಲೆಯೇ ಕಡ್ಡಿಗೆ ಮೊದಲ ಕುಣಿಕೆ ಹಾಕುತ್ತಿದ್ದಳು. ಮೊದಲೇ ಹೆಣೆಯಿರಿ ಎಂದು ಬಂದವರನ್ನು ಬೈದು ಕಳಿಸಿದ್ದೂ ಉಂಟು. ಕಸ್ತೂರಕ್ಕನಿಗೆ ಇದೆಲ್ಲ ತಮಾಷೆ. ತನ್ನ ನಾಲ್ವರಿಗೂ ಬಸುರಿಯಿದ್ದಾಗಲೇ ಕುಂಚಿಗೆ, ಕುಲಾಯಿ, ಕೌದಿ ಎಲ್ಲ ತಯಾರಿಟ್ಟಿದ್ದೆ, ನಾಲ್ವರೂ ಕುದುರಿ ಹಾಂಗ ಇದ್ದಾರ, ಎನ್ನುತ್ತಿದ್ದರು.

ಹಾಗಿದ್ದ ಅಮ್ಮ ತನ್ನ ಕೂಸಿಗಾಗಿ ಆ ಕಟ್ಟುಪಾಡು ಮುರಿದಳು. ಮಳೆಗಾಲ ಹಿಡಿದಿತ್ತು, ಲೋಕಲ್ ಗಾಡಿಗಳು ನಿಂತು ನಿಂತು ಓಡುತ್ತಿದ್ದವು, ಹೊರಗಿನ ಕೆಲಸವೂ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಮಳೆಯ ರಜೆಯಲ್ಲಿ ಬೇಗ ಮನೆಗೆ ಬಂದರೆ, ಅಮ್ಮ ಅಡುಗೆಮನೆಯ ಮೂಲೆಯಲ್ಲಿ ಕಾಲು ಚಾಚಿ ಕೂತು ಎಳೆ ಬಾಳೆ ಎಲೆಯ ಬಣ್ಣದ ಉಲ್ಲನ್ನಿನಲ್ಲಿ ಪುಟ್ಟದೊಂದು ಅಂಚು ಹೆಣೆಯುತ್ತಿದ್ದಳು. ನನ್ನನ್ನು ಕಂಡು ಸೆರಗು ಮುಚ್ಚಿದಳು. ಆಮೇಲೆ ಅವಳೇ ತೆಗೆದು ತೋರಿಸಿ, ಯಾರ ಹತ್ತಿರವೂ ಹೇಳಬೇಡ ಮಗಾ, ಎಂದಳು. ಅವಳ ಮುಖದಲ್ಲಿ ನಾನು ಅಷ್ಟು ಸಂತೋಷ ಯಾವತ್ತೂ ಕಂಡಿರಲಿಲ್ಲ. ಅದನ್ನು ಬರೆಯುವಾಗ ಈಗಲೂ ನನಗೆ ಸಂಕಟವಾಗುತ್ತದೆ. ಅಂಚು ಮುಗಿಯಿತು, ನೆತ್ತಿಯನ್ನು ಆಚೆ ಮನೆಗೆ ಕಳಿಸಲಿಲ್ಲ. ತಾನೇ ಹೆಣೆದಳು. ಬಿಗಿಯಾಯಿತೆಂದು ಬಿಚ್ಚಿದಳು, ಮತ್ತೆ ಹೆಣೆದಳು, ಮತ್ತೆ ಬಿಗಿಯಾಯಿತು. ಕಸ್ತೂರಕ್ಕನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಒಂದು ದಿನ ಚಕ್ಕುಲಿ ಹಿಟ್ಟು ಕೇಳಲು ಬಂದವರು ಕೈಗೆತ್ತಿಕೊಂಡು, ಒಳಗೆ ಮುಷ್ಟಿ ತೂರಿಸಿ ನೋಡಿದರು.

"ನೆತ್ತಿ ಬಿಗಿ ಆಗೈತಿ ವಾರಿಜಾ. ಕೂಸಿನ ತಲಿ ಗೋಡಂಬಿ ಹಾಂಗ ಆಗ್ತದ. ಇಲ್ಲಿ ಕೊಡು, ಎರಡು ತಾಸಿನಾಗ ಮಾಡಿ ಕೊಡ್ತೇನಿ."

"ಬೇಡ ಅಕ್ಕ. ಇದೊಂದು ಪೂರಾ ನನ್ನ ಕೈಯದ್ದೇ ಇರಲಿ."

"ನಿಮ್ಮ ಕಡೆ ಮೊದಲ ಮಾಡಬಾರ್ದಂತಿದ್ದಿ?"

"ಮಾಡಬಾರದು. ಆಸೆ ತಡೆಯಲಿಲ್ಲ."

ಕಸ್ತೂರಕ್ಕ ಟೊಪ್ಪಿಯನ್ನು ಮಡಚಿ ಅಮ್ಮನ ಮಡಿಲಲ್ಲಿಟ್ಟು, ಹಿಟ್ಟು ಮರೆತು ಹೋದರು. ಅಮ್ಮ ಅದನ್ನು ಹಳೆಯ ಸೀರೆಗಳ ಸೂಟ್‌ಕೇಸಿನಲ್ಲಿ ಎಲ್ಲಕ್ಕಿಂತ ಅಡಿಯಲ್ಲಿ ಇಟ್ಟಳು. ಕೆಲವೇ ವಾರಗಳಲ್ಲಿ ಅಪ್ಪನ ಅಮ್ಮ, ನನ್ನ ಅಜ್ಜಿ, ಉಡುಪಿಯ ಕಡೆಯಿಂದ ಬಾಣಂತನಕ್ಕೆ ಬಂದಳು.

ತಮ್ಮ ಹುಟ್ಟಿದ. ಎರಡು ದಿನ ಇದ್ದ. ಡಾಕ್ಟರು ಹೊಕ್ಕುಳಬಳ್ಳಿ, ಉಸಿರು ಎಂದೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದ್ದರಂತೆ. ಅಪ್ಪ ಮನೆಯಲ್ಲಿ ಅದನ್ನೇ ಹೇಳಿದ. ಯಾರ ಕಿವಿಗೂ ಅದು ಹೋಗಲಿಲ್ಲ. ನಾನು ತಮ್ಮನನ್ನು ನೋಡಲೇ ಇಲ್ಲ. ಮಕ್ಕಳನ್ನು ಒಳಗೆ ಬಿಡುವುದಿಲ್ಲವೆಂದು ನನ್ನನ್ನು ಕಸ್ತೂರಕ್ಕನ ಮನೆಯಲ್ಲಿ ಬಿಟ್ಟಿದ್ದರು. ಅವರು ನನಗೆ ಅನ್ನ ಕಲಸಿ ತಿನ್ನಿಸಿ, ಜಡೆ ಹಾಕಿ, ಅಳಬೇಕೆನಿಸಿದಾಗ ಅಳಲು ಬಿಟ್ಟರು. ಅಮ್ಮ ಬರಿಗೈಯಲ್ಲಿ ಮನೆಗೆ ಬಂದ ದಿನ ದಿವಾನದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಕೂಸು ಇಲ್ಲದಿದ್ದರೂ ಬಾಣಂತಿ ಬಾಣಂತಿಯೇ. ಹೊಟ್ಟೆ ಕಟ್ಟಬೇಕು, ಗಾಳಿ ಹೊಗಬಾರದು, ಎಂದು ಅಜ್ಜಿ ಹಳೆಯ ಸೀರೆ ಹುಡುಕಲು ಸೂಟ್‌ಕೇಸ್ ತೆರೆದಳು. ಆಗ ಕಸ್ತೂರಕ್ಕ ಬಿಸಿ ಗಂಜಿಯ ಪಾತ್ರೆ ಹಿಡಿದು ಒಳಗೆ ಬಂದಿದ್ದರು. ನಾನು ಕಿಟಕಿಯ ಹತ್ತಿರ ಕೂತಿದ್ದೆ. ಅಜ್ಜಿ ಸೀರೆಗಳ ಅಡಿಯಿಂದ ಕೈ ತೆಗೆದಾಗ ಅದರಲ್ಲಿ ಆ ಹಸಿರು ಟೊಪ್ಪಿಯಿತ್ತು. ಅದನ್ನು ಅವಳು ಹಿಡಿದುಕೊಂಡ ರೀತಿ ನನಗೆ ನೆನಪಿದೆ, ಎರಡು ಬೆರಳ ತುದಿಯಲ್ಲಿ, ಮೈಯಿಂದ ದೂರ.

"ಇದು ಯಾರು ಮಾಡಿಟ್ಟದ್ದು?" ಎಂದು ಅಜ್ಜಿ ಕೇಳಿದಳು. ಜೋರಾಗಿ ಏನೂ ಕೇಳಲಿಲ್ಲ.

ಅಮ್ಮನ ಬೆನ್ನು ಗಟ್ಟಿಯಾದದ್ದು ನನಗೆ ಕಂಡಿತು. ಅವಳು ತಿರುಗಲಿಲ್ಲ.

"ನಾನ್ರೀ ಅಮ್ಮಾರ," ಎಂದರು ಕಸ್ತೂರಕ್ಕ. "ನಾನ ಹೆಣದು ಇಟ್ಟಿದ್ನಿ. ವಾರಿಜಾಗ ಗೊತ್ತಿಲ್ಲ."

"ಹುಟ್ಟುವ ಮೊದಲು ಹೊಸತು ಮಾಡಿಡಬಾರದು ಅಂತ ನಿಮಗೆ ಹೇಳಿಕೊಟ್ಟವರು ಯಾರೂ ಇಲ್ಲವಾ?"

"ನಮ್ಮ ಕಡೆ ಹಂಗೇನ ಇಲ್ರೀ. ತಿಳೀಲಿಲ್ಲ ನಂಗ. ತಪ್ಪಾತು."

"ನಿಮಗೆ ನಾಲ್ಕು ಮಕ್ಕಳು. ಹೋದದ್ದು ನಮ್ಮದು," ಎಂದಳು ಅಜ್ಜಿ.

ಕಸ್ತೂರಕ್ಕ ಗಂಜಿಯ ಪಾತ್ರೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋದರು. ಹೋಗುವಾಗ ಅಮ್ಮನ ಕಡೆ ನೋಡಿದರು. ಅಮ್ಮ ಗೋಡೆಯನ್ನೇ ನೋಡುತ್ತಿದ್ದಳು. ಒಂದು ಮಾತು, ಅಲ್ಲ ಅತ್ತೆ, ಅದು ನಾನು ಹೆಣೆದದ್ದು, ಎಂಬ ಒಂದು ಮಾತು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಅಜ್ಜಿಯನ್ನು ಕೆಟ್ಟವಳು ಎನ್ನಲು ನನ್ನಿಂದ ಆಗುವುದಿಲ್ಲ. ಅವಳು ತನ್ನ ಕೂಸುಗಳನ್ನೂ ಕಳೆದುಕೊಂಡವಳು, ಕಳೆದುಕೊಂಡದ್ದಕ್ಕೆ ಒಂದು ಕಾರಣ ಬೇಕಿತ್ತು, ಅದು ಕೈಗೇ ಸಿಕ್ಕಿತ್ತು. ಟೊಪ್ಪಿಯನ್ನು ಪೇಪರಿನಲ್ಲಿ ಸುತ್ತಿ, ಖಾಡಿಯ ಹಿನ್ನೀರಿಗೆ ಹಾಕಿ ಬಾ ಎಂದು ಅಪ್ಪನ ಕೈಗೆ ಕೊಟ್ಟಳು. ನಾನೂ ಅವನ ಜೊತೆ ಹೋದೆ. ಖಾಡಿಯ ದಂಡೆಯಲ್ಲಿ ಮರಳು ದೋಣಿಗಳು ನಿಂತಿದ್ದವು, ನೀರು ಕೆಸರಾಗಿತ್ತು. ಅಪ್ಪ ಪೇಪರ್ ಬಿಚ್ಚಿ ಟೊಪ್ಪಿಯನ್ನು ಒಳಗು ಹೊರಗು ಮಾಡಿ ನೋಡಿದ.

"ಅಪ್ಪ, ಅದು ಅಮ್ಮನ ಕೈಯದ್ದು. ನೆತ್ತಿಯೂ ಅಮ್ಮನದ್ದೇ," ಎಂದೆ.

"ನನಗೂ ಗೊತ್ತುಂಟು ಮಗಾ. ಇಷ್ಟು ಬಿಗಿ ಬೇರೆ ಯಾರದ್ದು ಉಂಟು?"

"ಮತ್ತೆ ಅಜ್ಜಿಗೆ ಹೇಳುವುದಿಲ್ಲವಾ?"

"ಈಗ ಬೇಡ. ಈಗ ಹೇಳಿದರೆ ಅಮ್ಮ ಉಳಿಯುವುದಿಲ್ಲ. ಅಜ್ಜಿ ಊರಿಗೆ ಹೋಗಲಿ, ಆಮೇಲೆ ಸರಿ ಮಾಡುವ."

ಆಮೇಲೆ ಸರಿ ಮಾಡುವ ಎಂದ ಎಷ್ಟು ಸಂಗತಿಗಳು ನಮ್ಮ ಮನೆಯಲ್ಲಿ ಹಾಗೆಯೇ ಉಳಿದವೋ, ಇದೂ ಹಾಗೆಯೇ ಉಳಿಯಿತು. ಅಜ್ಜಿ ಊರಿಗೆ ಹೋಗುವ ಮೊದಲೇ ಶನಿವಾರದ ಭಜನೆಯಲ್ಲಿ ನಾಲ್ಕು ಜನರೆದುರು ತನ್ನ ದುಃಖ ತೋಡಿಕೊಂಡಳು. ಅಲ್ಲಿಂದ ಮಾತು ಮರಾಠಿಯವರ ಮನೆಗೆ, ಅಲ್ಲಿಂದ ಮೀನಿನವಳ ಬುಟ್ಟಿಗೆ. ಚಳಿಗಾಲ ಬಂದಾಗ ಕೆಳಗಿನ ಮಹಡಿಯಲ್ಲಿ ಒಂದು ಕೂಸು ಹುಟ್ಟಿತು. ಅದರ ಅಜ್ಜಿ ಮೆಟ್ಟಿಲು ಹತ್ತಿ ನೇರವಾಗಿ ನಮ್ಮ ಬಾಗಿಲಿಗೆ ಬಂದು, ಟೋಪ್ರಾ ನೀನೇ ಪೂರಾ ಮಾಡು, ತಿಚಾ ಹಾತ್ ನಕೋ, ಎಂದು ಎದುರು ಬಾಗಿಲ ಕಡೆ ಕಣ್ಣು ತೋರಿಸಿದಳು. ಅವಳ ಕೈ ಬೇಡ. ಎದುರು ಬಾಗಿಲು ತೆರೆದೇ ಇತ್ತು, ಕಸ್ತೂರಕ್ಕ ಒಳಗೆ ಅಕ್ಕಿ ಆರಿಸುತ್ತಿದ್ದರು. ಅಮ್ಮ ಉಲ್ಲನ್ ತೆಗೆದುಕೊಂಡಳು. ಅಂಚು ಹೆಣೆದಳು, ನೆತ್ತಿ ಬಿಗಿಯಾಯಿತು, ಬಿಚ್ಚಿದಳು, ಕೊನೆಗೆ ಮೈ ಸರಿಯಿಲ್ಲ ಎಂದು ಉಲ್ಲನ್ ವಾಪಸ್ ಕೊಟ್ಟಳು. ಆಮೇಲೆ ಅವಳು ಹೆಣೆಯಲಿಲ್ಲ. ಸಂಕ್ರಾಂತಿಗೂ ಇಲ್ಲ, ನವರಾತ್ರಿಗೂ ಇಲ್ಲ. ಅದಕ್ಕಿಂತ ನನಗೆ ಅರ್ಥವಾಗದೆ ಹೋದದ್ದು ಅವಳು ಕಸ್ತೂರಕ್ಕನ ಮುಖ ತಪ್ಪಿಸತೊಡಗಿದ್ದು. ಸುಳ್ಳು ಹೇಳಿ ತನ್ನನ್ನು ಉಳಿಸಿದವರ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಮುಖ ನೋಡಿದರೆ ಸತ್ಯ ಹೇಳಬೇಕಾಗುತ್ತದೆ ಎಂಬ ಹೆದರಿಕೆ. ಮೊದಲು ಬಾಗಿಲು ಅರ್ಧ ಮುಚ್ಚಿತು, ಆಮೇಲೆ ಪೂರ್ತಿ. ನಮ್ಮ ಬಾಗಿಲು ಮುಚ್ಚಿದ ಮೇಲೂ ಬಹಳ ದಿನ ಅವರ ಬಾಗಿಲು ತೆರೆದಿತ್ತು. ನಾನು ಹೋಗಿ ಬರುತ್ತಿದ್ದೆ. ಅವರು ತಿಂಡಿ ಕೊಟ್ಟು, ನಿಮ್ಮವ್ವ ಹೆಂಗದಾಳ ಪುಟ್ಟಿ, ಊಟ ಮಾಡ್ತಾಳಿಲ್ಲೋ, ಎಂದು ಕೇಳುತ್ತಿದ್ದರು. ತಮ್ಮ ಹೆಸರು ಊರ ಬಾಯಿಗೆ ಬಿದ್ದದ್ದರ ಬಗ್ಗೆ ಒಂದು ಮಾತೂ ಇಲ್ಲ.

ನಾಲ್ಕೈದು ವರ್ಷಗಳಲ್ಲಿ ಅವರು ಮನೆ ಖಾಲಿ ಮಾಡಿ ಕೊಪರಖೈರಣೆಯಲ್ಲಿ ದೊಡ್ಡ ಮಗನ ಫ್ಲ್ಯಾಟಿಗೆ ಹೋದರು. ಟೆಂಪೋ ತುಂಬುವಾಗ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ಇದ್ದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ನಾವೂ ಆಮೇಲೆ ಠಾಣೆಗೆ, ಮಾಜಿವಾಡಾದ ಹತ್ತಿರ ಲಿಫ್ಟ್ ಇರುವ ಕಟ್ಟಡಕ್ಕೆ ಬಂದೆವು. ಅಲ್ಲಿ ಎದುರು ಬಾಗಿಲಿನಲ್ಲಿ ಯಾರಿದ್ದರೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅಜ್ಜಿ ತೀರಿಹೋದಳು. ಇನ್ನು ಯಾರ ಹೆದರಿಕೆಯೂ ಇರಲಿಲ್ಲ. ಆದರೂ ಅಮ್ಮ ಸುಮ್ಮನಿದ್ದಳು. ಹುಡುಗಿಯಾಗಿದ್ದಾಗ ನಾನು ಈ ವಿಷಯಕ್ಕೆ ಅವಳ ಜೊತೆ ಜಗಳಾಡಿದ್ದೇನೆ. ನಿನಗೆ ತಿಳಿಯುವುದಿಲ್ಲ, ಎನ್ನುತ್ತಿದ್ದಳು. ಹೌದು, ತಿಳಿಯುತ್ತಿರಲಿಲ್ಲ. ದಿನ ಕಳೆದಷ್ಟೂ ಕ್ಷಮೆ ಕೇಳುವುದು ಸುಲಭವಾಗುತ್ತದೆಂದು ನಾನು ಎಣಿಸಿದ್ದೆ.

ನಾನು ಮದುವೆಯಾಗಿ, ಬಸುರಿಯಾಗಿ, ದಿನ ತುಂಬುತ್ತ ತವರಿಗೆ ಬಂದಿದ್ದಾಗ ಅಮ್ಮ ಒಂದು ಬೆಳಿಗ್ಗೆ ಸೀರೆ ಉಟ್ಟುಕೊಂಡು ನಿಂತಿದ್ದಳು. ಯಾವುದೋ ಮದುವೆಯಲ್ಲಿ ಸಿಕ್ಕವರಿಂದ ಕಸ್ತೂರಕ್ಕನ ವಿಳಾಸ ತೆಗೆದುಕೊಂಡಿದ್ದಳಂತೆ. ನೀನೂ ಬಾ ಎಂದಳು. ಒಬ್ಬಳೇ ಹೋಗುವ ಧೈರ್ಯ ಅವಳಿಗಿರಲಿಲ್ಲ. ಕೊಪರಖೈರಣೆಗೆ ಹೋಗಲು ಠಾಣೆಯಿಂದ ವಾಶಿಯ ಗಾಡಿ ಹಿಡಿದೆವು. ಬಾಗಿಲು ತೆರೆದದ್ದು ಏಳೆಂಟು ವರ್ಷದ ಹುಡುಗಿ. ನಮ್ಮನ್ನು ಮೇಲಿಂದ ಕೆಳಗೆ ನೋಡಿ, ದಾದೀ, ಕೋಯಿ ಆಂಟಿ ಆಯೀ ಹೈ, ಎಂದು ಒಳಗೆ ಕೂಗಿದಳು. ಕಸ್ತೂರಕ್ಕ ಬಂದರು. ಮೈ ಅರ್ಧಕ್ಕರ್ಧ ಇಳಿದಿತ್ತು. ಕನ್ನಡಕ ಸರಿಮಾಡಿಕೊಂಡು ನೋಡಿ, ನಿನ್ನೆ ಬಂದು ಹೋದವರ ಹಾಗೆ, ಬಾ ಒಳಗ, ಚಪ್ಪಲಿ ಅಲ್ಲೇ ಇರ್ಲಿ, ಎಂದರು. ನನ್ನ ಹೊಟ್ಟೆ ನೋಡಿ ನಕ್ಕರು. ಗಿರಮಿಟ್ ಮಾಡಿ ತಂದರು. ಸೊಸೆ ಆಫೀಸಿಗೆ ಹೋಗುತ್ತಾಳೆ, ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಮಾತು ಮಾತ್ರ ಹಿಂದಿ, ಎಂದೆಲ್ಲ ಹೇಳಿದರು. ಅಮ್ಮ ತಟ್ಟೆ ಮುಟ್ಟಲಿಲ್ಲ.

"ಅಕ್ಕ, ನಾನು ಆವತ್ತು ಮಾತಾಡಬೇಕಿತ್ತು," ಎಂದಳು. "ಅತ್ತೆಯ ಎದುರು ಬಾಯಿ ಬರಲಿಲ್ಲ. ಆಮೇಲೆಯೂ ಹೇಳಲಿಲ್ಲ. ಇಷ್ಟು ವರ್ಷ ನಿಮ್ಮ ಮೇಲೆ ಹಾಕಿ ಕೂತೆ."

"ಆವತ್ತಿಂದು ಬಿಡು. ನಾನಾಗೇ ಹೊತ್ಕೊಂಡಿದ್ದು ಅದು. ನೀ ಹಸಿ ಬಾಣಂತಿ, ನಿನ್ನ ಮ್ಯಾಲ ಹಾಕ್ಲಿಕ್ಕೆ ಆಗ್ತಿತ್ತೇನು? ಮಂದಿ ಅಂದದ್ದೂ ತಡ್ಕೊಂಡ್ನಿ." ಕಸ್ತೂರಕ್ಕ ಅಮ್ಮನ ತಟ್ಟೆಯನ್ನು ಅವಳ ಹತ್ತಿರ ಸರಿಸಿದರು. "ನೀ ಬಾಗಲಾ ಹಾಕ್ಕೊಂಡಿ ನೋಡು, ಅದು ತಡೀಲಿಲ್ಲ ನಂಗ. ಮಂದಿ ಅಂದದ್ದು ವಾರಿಜಾನೂ ಖರೇನೇ ಅನ್ಕೊಂಡ್ಳೇನೋ ಅನಸ್ತು."

ಅಮ್ಮ ಅತ್ತಳು. ಮೊಮ್ಮಗಳು ಟೀವಿಯ ಸದ್ದು ಕಡಿಮೆ ಮಾಡಿ ನಮ್ಮನ್ನೇ ನೋಡಿದಳು. ಕಸ್ತೂರಕ್ಕ ಅಮ್ಮನ ಬೆನ್ನು ಸವರಿ ನೀರು ಕೊಟ್ಟರು. ಎಲ್ಲ ಸರಿಹೋಯಿತು, ಇಷ್ಟು ಸುಲಭದ್ದಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನನಗೆ ಒಳಗೊಳಗೇ ಸಿಟ್ಟೂ ಬಂತು. ಹೊರಡುವ ಹೊತ್ತಿಗೆ ಅಮ್ಮ ಕಣ್ಣೊರೆಸಿಕೊಂಡು, ಸ್ವಲ್ಪ ಹಳೆಯ ಸಲಿಗೆಯಿಂದ ಹೇಳಿದಳು:

"ಇವಳ ಕೂಸಿಗೆ ಟೊಪ್ಪಿ ನಾವೇ ಮಾಡುವ. ಹುಟ್ಟಿದ ಮೇಲೆಯೇ ಶುರು ಮಾಡುವ. ಅಂಚು ನಾನು ಹೆಣೆದು ಕಳಿಸುತ್ತೇನೆ, ನೆತ್ತಿ ನೀವು ಮಾಡಬೇಕು."

ಕಸ್ತೂರಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರು.

"ಬ್ಯಾಡ ತಂಗಿ. ನಾ ಕೂಸುಗೊಳಿಗೆ ಹೆಣ್ಯಾಂಗಿಲ್ಲ."

"ಯಾಕೆ?"

"ಈಕಿ ಹುಟ್ಟಿದಾಗ ಕಡ್ಡಿ ಹಿಡಿದಿದ್ನಿ," ಎಂದು ಮೊಮ್ಮಗಳ ಕಡೆ ತೋರಿಸಿದರು. "ಕೂಸಿಗೆ ಏನರ ಆದ್ರ ಅನಸ್ತು. ಬಿಚ್ಚಿ ಇಟ್ಟುಬಿಟ್ನಿ. ನನ್ನ ನಾಲ್ಕು ಮಕ್ಕಳ ಕೂಸುಗೊಳಿಗೂ ಒಂದೂ ಮಾಡಿಲ್ಲ."

"ಅದು ನೀವು ಹೆಣೆದದ್ದಲ್ಲ ಅಕ್ಕ. ನಿಮ್ಮ ಒಂದು ಕುಣಿಕೆಯೂ ಅದರಲ್ಲಿ ಇರಲಿಲ್ಲ. ನಿಮಗೇ ಗೊತ್ತುಂಟಲ್ಲ."

"ಗೊತ್ತೈತಿ. ಗೊತ್ತಿಲ್ಲಂತೇನಲ್ಲ. ಆದ್ರೂ ಬ್ಯಾಡ."

ಅಮ್ಮ ಮತ್ತೆ ಮತ್ತೆ ಹೇಳಿದಳು. ಡಾಕ್ಟರು ಹೇಳಿದ್ದನ್ನು ಹೇಳಿದಳು, ದೇವರ ಮೇಲೆ ಆಣೆ ಇಟ್ಟಳು. ಇಷ್ಟು ವರ್ಷ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಆ ಬಾಗಿಲಲ್ಲಿ ನಿಂತು ಹೇಳಿದಳು. ಕಸ್ತೂರಕ್ಕ ಎಲ್ಲದಕ್ಕೂ ಹೌದು ಹೌದು ಎಂದರು.

ಆ ಮಳೆಗಾಲದಲ್ಲಿ ನನಗೆ ಮಗಳು ಹುಟ್ಟಿದಳು. ಸುದ್ದಿ ಕೇಳಿ ಕಸ್ತೂರಕ್ಕ ಮಗನನ್ನು ಕರೆದುಕೊಂಡು ಮಾಜಿವಾಡಾದ ಮನೆಗೆ ಬಂದರು. ನನಗೆ ಬೆಳ್ಳುಳ್ಳಿ ಉಂಡೆ, ಅಮ್ಮನಿಗೆ ಜೋಳದ ಹಿಟ್ಟು. ಕೂಸಿನ ಹತ್ತಿರ ಬಾರದೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಅಲ್ಲಿಂದಲೇ ನೋಡಿದರು. ಅಮ್ಮ ಮಗಳನ್ನು ಎತ್ತಿ ತಂದು ಮುಂದೆ ಹಿಡಿದು, ಒಂದು ಸಲ ಎತ್ತಿಕೊಳ್ಳಿ ಅಕ್ಕ, ನನಗಾಗಿ, ಎಂದಳು. ಕಸ್ತೂರಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡರು. ಕೂಸು ಛಲೋ ಐತಿ, ಎಂದರು. ಅಮ್ಮ ಕೂಸನ್ನು ಹಿಡಿದುಕೊಂಡು ನಿಂತೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಕಸ್ತೂರಕ್ಕ, ವಾಶಿಯ ಗಾಡಿ ಎಷ್ಟಕ್ಕೈತಿ ನೋಡಪಾ, ಎಂದು ಮಗನನ್ನು ಕೇಳಿದರು.